ಎರಡು ಸಲ ಬಂದ ಎರಡೂವರೆ ಗಂಟೆ

ಚಿ. ಪುಟ್ಟನಿಗೆ ಅಕ್ಕನ ಆಶೀರ್ವಾದ. ನಾವೆಲ್ಲ ಕ್ಷೇಮ. ಅಪ್ಪನಿಗೆ ನಮಸ್ಕಾರ ತಿಳಿಸು.

ನೀನು ಊಟ ಬಿಟ್ಟು ಕೂತಿದ್ದೀಯ, ಕೆಲಸಾನೂ ಬಿಡ್ತೀಯಂತೆ ಅಂತ ಅಮ್ಮ ಬರೆದಿದ್ದಾಳೆ. ಬಿಲ್ಲು ಎರಡೆರಡು ಸಲ ಹೋಯಿತು, ಗಿಟ್ ಬ್ಲೇಮ್‌ನಲ್ಲಿ ನಿನ್ನ ಹೆಸರು ಬಂತು, ಇಷ್ಟೇ ತಾನೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಡ. ಗಿಟ್ ಬ್ಲೇಮ್ ಅನ್ನೋ ಕಮಾಂಡ್ ತೋರಿಸುವುದು ಕೋಡಿನ ಸಾಲನ್ನು ಕೊನೆಗೆ ಮುಟ್ಟಿದವರನ್ನು. ಬರೀ ಇಂಡೆಂಟ್, ಅಂದರೆ ಸಾಲಿನ ಮೊದಲಿನ ಖಾಲಿ ಜಾಗ, ಸರಿಮಾಡಿದವನ ಹೆಸರೂ ಬರುತ್ತೆ. ಖಾಲಿ ಜಾಗದ ಬದಲಾವಣೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಕಮಾಂಡಿಗೆ ಡ್ಯಾಶ್ ಡಬ್ಲ್ಯೂ (-w) ಸೇರಿಸಿ ಇನ್ನೊಮ್ಮೆ ನೋಡು. ಆಗಲೂ ನಿನ್ನದೇ ಅಂತ ಬಂದರೆ ನಿನ್ನದೇ. ‘ನನ್ನ ಕೋಡ್, ನಾನೇ ಸರಿಮಾಡ್ತೀನಿ’ ಅಂತ ಟೀಮಿಗೆ ಇವತ್ತೇ ಬರೆ: ಏನಾಯಿತು, ಯಾವಾಗಿನಿಂದ, ಈಗ ಏನು ನಿಲ್ಲಿಸಿದ್ದೀಯ. ಮೂರು ಸಾಲು ಸಾಕು, ಕ್ಷಮಾಪಣೆಯ ಪುರಾಣ ಬೇಡ.

ಕಾರಣ ನಾನಿರುವ ಇಲ್ಲಿನ ಗಡಿಯಾರ ಕಣೋ, ನಿನ್ನ ಬಿಲ್ಲಿಂಗ್ ಓಡುವುದು ಇಲ್ಲಿನ ಸಮಯಕ್ಕೆ. ಜರ್ಮನಿಯಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಬೆಳಗಿನ ಜಾವ 3 ಗಂಟೆಯಾದ ಕೂಡಲೇ ಗಡಿಯಾರವನ್ನು 2ಕ್ಕೆ ತಿರುಗಿಸುತ್ತಾರೆ. ಆ ದಿನಕ್ಕೆ 25 ಗಂಟೆ! ನೀನು ಬಿಲ್ಲಿಂಗ್ ಇಟ್ಟಿದ್ದು 2:30ಕ್ಕೆ. ಅದು ಎರಡು ಸಲ ಬಂತು. ಮಾರ್ಚ್ ಕೊನೆಯ ಭಾನುವಾರ ಗಡಿಯಾರ 2ರಿಂದ ನೇರ 3ಕ್ಕೆ ಹಾರುತ್ತೆ, 2:30 ಬರುವುದೇ ಇಲ್ಲ, ಅವತ್ತು ಬಿಲ್ಲೇ ಹೋಗದೆ ಇರಬಹುದು. ಭಾರತದಲ್ಲಿ ವರ್ಷವಿಡೀ ಯುಟಿಸಿಗಿಂತ (ಎಲ್ಲ ದೇಶಗಳ ಗಡಿಯಾರಕ್ಕೂ ಆಧಾರವಾದ, ಋತುವಿಗೆ ಬದಲಾಗದ ಸಮಯ) ಐದೂವರೆ ಗಂಟೆ ಮುಂದೆ ಅನ್ನುವ ಒಂದೇ ಲೆಕ್ಕದಲ್ಲಿ ಬೆಳೆದವರಿಗೆ ಇದು ಹೊಳೆಯುವುದು ಕಷ್ಟ.

ಕೆಲಸ ಓಡುವ ಹೊತ್ತನ್ನು ಯುಟಿಸಿಗೆ ಬದಲಿಸು. ಅಷ್ಟಕ್ಕೇ ಬಿಟ್ಟರೆ ಅರ್ಧ ರಿಪೇರಿ. ಸರ್ವರ್ ನಡುವೆ ರೀಸ್ಟಾರ್ಟ್ ಆದರೂ ಬಿಲ್ಲು ಎರಡಾಗಬಹುದು. ಗ್ರಾಹಕರ ಐಡಿ, ಬಿಲ್ಲಿನ ದಿನಾಂಕ ಎರಡನ್ನೂ ಸೇರಿಸಿ ಡೇಟಾಬೇಸ್‌ನಲ್ಲಿ ಯುನೀಕ್ ಇಂಡೆಕ್ಸ್ ಹಾಕು, ಅದೇ ಜೋಡಿ ಎರಡನೇ ಸಲ ಸೇರದಂತೆ ಡೇಟಾಬೇಸೇ ತಡೆಯುತ್ತೆ. ‘ಮೊದಲೇ ಇದೆಯಾ’ ಅಂತ ಕೋಡ್‌ನಲ್ಲಿ ಕೇಳಿಕೊಂಡರೆ ಸಾಲದು, ಎರಡು ಪ್ರಾಸೆಸ್ ಒಟ್ಟಿಗೆ ಕೇಳಿದರೆ ಎರಡಕ್ಕೂ ‘ಇಲ್ಲ’ ಅಂತಲೇ ಉತ್ತರ ಬರುತ್ತೆ. ಈಗಾಗಲೇ ಎರಡೆರಡು ಸಲ ದಾಖಲಾದ ಬಿಲ್ಲಿನ ಸಾಲುಗಳಿದ್ದರೆ ಇಂಡೆಕ್ಸ್ ಕೂರುವುದಿಲ್ಲ. ಅವುಗಳಲ್ಲಿ ಹೆಚ್ಚಿನದನ್ನು ಬೇರೆ ಟೇಬಲ್‌ಗೆ ಎತ್ತಿಡು. ಅಳಿಸಬೇಡ, ಲೆಕ್ಕದವರು ಕೇಳುತ್ತಾರೆ. ಟೆಸ್ಟ್‌ನಲ್ಲಿ 2025ರ ಮಾರ್ಚ್ 30, ಅಕ್ಟೋಬರ್ 26 ಎರಡೂ ದಿನ ಹಾಕಿ ಓಡಿಸು. ಬಿಲ್ಲಿನ ದಿನಾಂಕ ಲೆಕ್ಕಹಾಕುವ ಕಡೆ ಮಾತ್ರ ಟೈಮ್‌ಝೋನ್ ‘ಯೂರೋಪ್/ಬರ್ಲಿನ್’ ಅಂತ ಹೆಸರಿನಲ್ಲೇ ಇರಲಿ; ‘ಪ್ಲಸ್ 1’ (ಯುಟಿಸಿಗಿಂತ ಒಂದು ಗಂಟೆ ಮುಂದೆ) ಅಂತ ಬರೆದರೆ ಬೇಸಿಗೆಯಲ್ಲಿ ಮತ್ತೆ ತಪ್ಪುತ್ತೆ.

ಕೋಡ್ ಬದಲಾವಣೆ ಉಳಿಸುವಾಗ ಬರೆಯುವ ಕಮಿಟ್ ಸಂದೇಶದಲ್ಲಿ ದಯವಿಟ್ಟು ‘ಬಗ್ ಫಿಕ್ಸ್’ ಅಂತ ಗೀಚಬೇಡ. 2:30ರ ಕತೆ ಪೂರ್ತಿ ಬರೆ, ಮುಂದೆ ಬ್ಲೇಮ್ ತೆರೆದವರಿಗೆ ನಿನ್ನ ಹೆಸರಿನ ಜೊತೆ ಕಾರಣವೂ ಸಿಗಲಿ. ನಿನ್ನದು ಅಂದಮಾತ್ರಕ್ಕೆ ಫೈಲಿಗೆ ಬೇಲಿ ಹಾಕಿಕೊಂಡು ಕೂರುವುದೂ ಬೇಡ, ರಿವ್ಯೂಗೆ ಕೊಡು. ಇಲ್ಲಿ ನಮ್ಮ ಆಫೀಸಿನಲ್ಲಿ ಇಂಥದ್ದಾದರೆ ವರದಿಯಲ್ಲಿ ಹೆಸರೇ ಬರೆಯುವುದಿಲ್ಲ, ಒಪ್ಪಿಕೊಂಡವರಿಗೆ ಥ್ಯಾಂಕ್ಸ್ ಬೇರೆ! ವಿಚಿತ್ರ ಜನ, ಆದರೆ ಇದೊಂದು ನನಗೆ ಹಿಡಿಸಿದೆ.

ಇದಕ್ಕೆಲ್ಲ ಯಾರೂ ಕೆಲಸದಿಂದ ತೆಗೆಯುವುದಿಲ್ಲ. ಖಂಡಿತ ತೆಗೆಯುವುದಿಲ್ಲ, ಅಮ್ಮನಿಗೂ ಹೇಳು. ಇಂಡೆಕ್ಸ್ ಹಾಕುವ ಮುಂಚೆ ಬ್ಯಾಕಪ್ ತೆಗೆದುಕೋ. ಮೀಟಿಂಗ್‌ಗೆ ಕರೀತಿದ್ದಾರೆ, ಉಳಿದದ್ದು ಫೋನಿನಲ್ಲಿ. ಮೊದಲು ಊಟ ಮಾಡು.

ಇಂತಿ,
ಅಕ್ಕ