‘ಸಮುದ್ರದ ನೀರಿಗೆ’ ಎಂದು ಮಾರಿದ ರಿಫ್ರ್ಯಾಕ್ಟೋಮೀಟರ್ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ರಿಫ್ರ್ಯಾಕ್ಟೋಮೀಟರಿನಲ್ಲಿ ತಪ್ಪು ಸ್ಕೇಲ್ ಇರುವುದು, ಹಣ ವಾಪಸ್ ಕೋರಿ

ಮಾನ್ಯರೇ,

ನನ್ನ ಮನೆಯ ಉಪ್ಪುನೀರಿನ ಅಕ್ವೇರಿಯಂಗಾಗಿ ನಿಮ್ಮ ಕಂಪನಿಯ ರಿಫ್ರ್ಯಾಕ್ಟೋಮೀಟರ್ (ನೀರಿನಲ್ಲಿ ಉಪ್ಪು ಎಷ್ಟಿದೆ ಎಂದು ತಿಳಿಯುವ ಉಪಕರಣ) ಕೊಂಡಿದ್ದೇನೆ. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ‘ಸಮುದ್ರದ ನೀರಿಗೆ’ ಎಂದು ಅಚ್ಚಾಗಿದೆ. ಒಳಗಿರುವ ಸ್ಕೇಲ್ ಮಾತ್ರ ಸಮುದ್ರದ ನೀರಿನದ್ದಲ್ಲ, ಬರೀ ಅಡುಗೆ ಉಪ್ಪು ಕರಗಿಸಿದ ನೀರಿನದ್ದು. ಫೋನ್ ಮಾಡಿ ಹೇಳಿದೆ, ಮೇಲ್ ಕೂಡ ಕಳಿಸಿದೆ. ‘ಶುದ್ಧ ನೀರು ಹಾಕಿ ಸೊನ್ನೆಗೆ ಸೆಟ್ ಮಾಡಿಕೊಳ್ಳಿ’ ಎಂಬ ಉತ್ತರವೇ ಎರಡೂ ಕಡೆಯಿಂದ ಬಂತು. ನನ್ನ ತಕರಾರು ಸೊನ್ನೆಯದ್ದಲ್ಲ. ಅದಕ್ಕೇ ಈ ಪತ್ರ.

ಆರ್‌ಓ ನೀರು ಹಾಕಿದರೆ ಗೆರೆ ಸರಿಯಾಗಿ ಸೊನ್ನೆಯ ಮೇಲೆಯೇ ನಿಲ್ಲುತ್ತದೆ. ಆದರೆ 35 ಪಿಪಿಟಿಯ (ಸಾವಿರ ಭಾಗದಲ್ಲಿ 35 ಭಾಗ ಉಪ್ಪು) ಸ್ಟ್ಯಾಂಡರ್ಡ್ ದ್ರಾವಣ, ಅಂದರೆ ಉಪ್ಪಿನ ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣ ಹಾಕಿದರೆ 36.5ರ ಹತ್ತಿರ ತೋರಿಸುತ್ತದೆ. ಬೇರೆ ಕಂಪನಿಯ ದ್ರಾವಣ ತಂದು ನೋಡಿದೆ, ಅದೇ ಕಥೆ. ಕೊನೆಗೆ ಗೆಳೆಯರೊಬ್ಬರ ಕಂಡಕ್ಟಿವಿಟಿ ಮೀಟರ್ ತಂದೆ. ನೀರಿನಲ್ಲಿ ವಿದ್ಯುತ್ ಎಷ್ಟು ಸರಾಗವಾಗಿ ಹರಿಯುತ್ತದೆ ಎಂಬುದನ್ನು ಅದು ಮಿಲಿಸೀಮೆನ್ಸ್‌ನಲ್ಲಿ ಅಳೆಯುತ್ತದೆ. 35 ಪಿಪಿಟಿ ನೀರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಂಟಿಮೀಟರಿಗೆ ಸುಮಾರು 53 ಮಿಲಿಸೀಮೆನ್ಸ್ ತೋರಿಸಬೇಕು. ಸ್ಟ್ಯಾಂಡರ್ಡ್ ದ್ರಾವಣಕ್ಕೆ ಆ ಮೀಟರ್ ಅಷ್ಟನ್ನೇ ತೋರಿಸಿತು. ಅದರಲ್ಲೇ ನನ್ನ ಟ್ಯಾಂಕಿನ ನೀರು ಅಳೆದರೆ 33.5 ಪಿಪಿಟಿ ಬಂತು. ಅದೇ ನೀರಿಗೆ ನಿಮ್ಮ ಉಪಕರಣ 35 ಎನ್ನುತ್ತದೆ.

ಕಾರಣ ನಿಮ್ಮ ತಾಂತ್ರಿಕ ವಿಭಾಗಕ್ಕೆ ಗೊತ್ತಿರಲೇಬೇಕು. ಫೋನ್ ಎತ್ತಿದವರಿಗೆ ಗೊತ್ತಿರಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ರಿಫ್ರ್ಯಾಕ್ಟೋಮೀಟರ್ ಉಪ್ಪನ್ನು ನೇರವಾಗಿ ಅಳೆಯುವುದಿಲ್ಲ. ನೀರಿನಲ್ಲಿ ಬೆಳಕು ಎಷ್ಟು ಬಾಗುತ್ತದೆ ಎಂಬುದನ್ನು ಅಳೆಯುತ್ತದೆ. ಸಮುದ್ರದ ನೀರಿನಲ್ಲಿ ಸೋಡಿಯಂ, ಕ್ಲೋರೈಡ್ ಜೊತೆಗೆ ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ಇರುತ್ತವೆ. ಹಾಗಾಗಿ 35 ಪಿಪಿಟಿ ಸಮುದ್ರದ ನೀರು ಬೆಳಕನ್ನು ಬಾಗಿಸುವಷ್ಟೇ ಬಾಗಿಸಲು ಬರೀ ಅಡುಗೆ ಉಪ್ಪಿನ ನೀರಾದರೆ 36.5 ಪಿಪಿಟಿ ಬೇಕು. ಸೊನ್ನೆಯಲ್ಲಿ ಎರಡೂ ಸ್ಕೇಲ್ ಒಂದೇ. ಉಪ್ಪು ಜಾಸ್ತಿ ಆದಂತೆ ಅಂತರವೂ ಜಾಸ್ತಿ ಆಗುತ್ತದೆ. ಸೊನ್ನೆಗೆ ಎಷ್ಟು ಸಲ ಸೆಟ್ ಮಾಡಿದರೂ ಈ ತಪ್ಪು ಹೋಗುವುದಿಲ್ಲ, ಕಾಣುವುದೂ ಇಲ್ಲ.

ನನ್ನ ಮಾತು ಬೇಡ ಅಂದರೆ ನಿಮ್ಮದೇ ಸ್ಟಾಕಿನಿಂದ ಒಂದು ಪೀಸ್ ತೆಗೆದು ಬೆಳಕಿಗೆ ಹಿಡಿದು ನೋಡಿ. ಒಂದು ಬದಿಯಲ್ಲಿ ಪಿಪಿಟಿ, ಇನ್ನೊಂದು ಬದಿಯಲ್ಲಿ ಸ್ಪೆಸಿಫಿಕ್ ಗ್ರ್ಯಾವಿಟಿ (ಶುದ್ಧ ನೀರಿಗಿಂತ ಎಷ್ಟು ಪಟ್ಟು ಸಾಂದ್ರ ಎಂಬ ಅಂಕಿ) ಇದೆ. ಸಮುದ್ರದ ನೀರಿನ ಸ್ಕೇಲ್ ಆಗಿದ್ದರೆ 35ರ ಎದುರಿಗೆ 1.026 ದಾಟಿದ ಗೆರೆ ಇರಬೇಕಿತ್ತು. 25 ಡಿಗ್ರಿಗೆ ಲೆಕ್ಕ ಹಾಕಿದರೆ ಅದು 1.0264. ನಿಮ್ಮದರಲ್ಲಿ 35ರ ಎದುರಿಗೆ ಇರುವುದು 1.025. ಅದು ಅಡುಗೆ ಉಪ್ಪಿನ ಲೆಕ್ಕ. ಇದನ್ನು ಕಂಡುಹಿಡಿಯೋಕೆ ಲ್ಯಾಬ್ ಏನೂ ಬೇಕಿಲ್ಲ, ಅಲ್ವಾ?

‘ಇದರಲ್ಲಿ ಎಟಿಸಿ ಇದೆ, ತಾನೇ ಸರಿಮಾಡಿಕೊಳ್ಳುತ್ತದೆ’ ಎಂದೂ ಒಬ್ಬರು ಹೇಳಿದರು. ಎಟಿಸಿ ಸರಿಮಾಡುವುದು ಉಷ್ಣಾಂಶದ ವ್ಯತ್ಯಾಸವನ್ನು. ನಿಮ್ಮ ಕೈಪಿಡಿ ಪ್ರಕಾರ ಅದೂ 10ರಿಂದ 30 ಡಿಗ್ರಿಯೊಳಗೆ ಮಾತ್ರ. ನಾನು ಅಳೆದದ್ದೆಲ್ಲ ಆ ಮಿತಿಯಲ್ಲೇ. ಹನಿ ಹಾಕಿ ಅರ್ಧ ನಿಮಿಷ ಬಿಟ್ಟೇ ನೋಡಿದ್ದೇನೆ. ತಪ್ಪು ಸ್ಕೇಲಿಗೂ ಎಟಿಸಿಗೂ ಸಂಬಂಧವಿಲ್ಲ.

ಆಮೇಲೆ ಬಂದ ಸಲಹೆ ಕೇಳಿ ನಿಜವಾಗಿಯೂ ಸಿಟ್ಟು ಬಂತು: ನಿಮ್ಮದೇ 35 ಪಿಪಿಟಿ ಕ್ಯಾಲಿಬ್ರೇಶನ್ ದ್ರಾವಣ ಕೊಂಡು ಸ್ಕ್ರೂ ತಿರುಗಿಸಿ 35ಕ್ಕೆ ತನ್ನಿ ಎಂದು. ದೂರು ಕೊಟ್ಟವರಿಗೇ ಇನ್ನೊಂದು ಸಾಮಾನು ಮಾರುವುದು! ಸರಿ, ಅದನ್ನೂ ಕೊಂಡೆ. ಬಾಟಲಿಯ ಮುಚ್ಚಳ ಸಡಿಲವಾಗಿತ್ತು. ಕತ್ತಿನ ಸುತ್ತ ಉಪ್ಪು ಬಿಳಿಯಾಗಿ ಕಟ್ಟಿತ್ತು. ಅಂದರೆ ನೀರು ಆವಿಯಾಗಿದೆ, ಒಳಗಿನ ದ್ರಾವಣ 35ಕ್ಕಿಂತ ಗಟ್ಟಿಯಾಗಿರುತ್ತದೆ. ಅದನ್ನೇ 35 ಎಂದು ನಂಬಿ ಸೆಟ್ ಮಾಡಿದರೆ ಈ ಸಲ ಟ್ಯಾಂಕಿನ ಉಪ್ಪು ಮೇಲಕ್ಕೆ ಹೋಗುತ್ತದೆ. ನಾನು ಸೆಟ್ ಮಾಡಲಿಲ್ಲ.

ದ್ರಾವಣ ಸರಿಯಿದ್ದರೂ ಇದು ಅರ್ಧ ಪರಿಹಾರ. 35ರಲ್ಲಿ ಸರಿಹೋದರೆ ಕೆಳಗಿನ ಅಂಕಿಗಳು ತಪ್ಪುತ್ತವೆ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ಬೇರೆ ತೊಟ್ಟಿಯಲ್ಲಿಟ್ಟು ಉಪ್ಪನ್ನು ಸ್ಪೆಸಿಫಿಕ್ ಗ್ರ್ಯಾವಿಟಿ 1.009ಕ್ಕೆ, ಅಂದರೆ ಹೆಚ್ಚುಕಡಿಮೆ 12 ಪಿಪಿಟಿಗೆ ಇಳಿಸುವ ಚಿಕಿತ್ಸೆ ಇದೆ. ಹಾಗೆ ತಿರುಗಿಸಿಟ್ಟ ನಿಮ್ಮ ಉಪಕರಣ 12 ತೋರಿಸುವಾಗ ನೀರಿನಲ್ಲಿ 13ರಷ್ಟು ಇರುತ್ತದೆ. ರೋಗ ಹೋಗದೇ ಇರಬಹುದು, ಯಾಕೆ ಹೋಗಲಿಲ್ಲ ಅಂತ ಮೀನು ಸಾಕಿದವರಿಗೂ ತಿಳಿಯೋದಿಲ್ಲ.

ನಿಮ್ಮಿಂದ ನನ್ನ ಹವಳಗಳು ಸತ್ತವು ಎಂದು ನಾನು ಹೇಳುತ್ತಿಲ್ಲ. 33.5ರಲ್ಲಿ ಯಾವುದೂ ಸುಮ್ನೆ ಸಾಯೋದಿಲ್ಲ. ಆದರೆ ಉಪ್ಪು ಶೇಕಡಾ 4ರಷ್ಟು ಕಡಿಮೆಯಾದರೆ ಅದರ ಜೊತೆ ಬರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಅಷ್ಟೇ ಕಡಿಮೆ. ಟೆಸ್ಟ್ ಮಾಡಿದಾಗಲೆಲ್ಲ ಎರಡೂ ಕೆಳಗೇ ಇರುತ್ತಿದ್ದವು, ನಾನು ಬೇರೆ ಬೇರೆ ದ್ರಾವಣ ಸುರಿಯುತ್ತಲೇ ಇದ್ದೆ. ಆ ಖರ್ಚಿಗೆ ಕಾರಣ ನಿಮ್ಮ ಡಬ್ಬದ ಮೇಲಿನ ಮಾತು.

ಉಪಕರಣ ಮತ್ತು ದ್ರಾವಣ ಎರಡನ್ನೂ ವಾಪಸ್ ಪಡೆದು ಪೂರ್ತಿ ಹಣ ಕೊಡಿ. ಕಳಿಸುವ ಖರ್ಚೂ ನಿಮ್ಮದೇ. ಬದಲಿ ಕೊಡುವುದಾದರೆ ಸಮುದ್ರದ ನೀರಿನ ಸ್ಕೇಲ್ ಇರುವುದನ್ನೇ ಕೊಡಿ, ಇದೇ ಮಾಡೆಲ್ ಬೇಡ. ಈ ಸ್ಟಾಕ್ ಮಾರುತ್ತಲೇ ಇರುವುದಾದರೆ ಡಬ್ಬದ ಮೇಲಿನ ‘ಸಮುದ್ರದ ನೀರಿಗೆ’ ತೆಗೆದು, ಅಡುಗೆ ಉಪ್ಪಿನ ಸ್ಕೇಲ್ ಎಂದು ಬರೆಯಿರಿ. ಕೈಪಿಡಿಯಲ್ಲೂ ಸೊನ್ನೆಯ ಜೊತೆಗೆ 35ರಲ್ಲೂ ಪರೀಕ್ಷಿಸಬೇಕು ಎಂದು ಸೇರಿಸಿ.

ಸ್ಕೇಲಿನ ಫೋಟೋ, ಬಾಟಲಿಯ ಫೋಟೋ, ಬಿಲ್ಲಿನ ಪ್ರತಿ ಲಗತ್ತಿಸಿದ್ದೇನೆ. 15 ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಉತ್ತರ ಬರೆಯುವವರು ದಯವಿಟ್ಟು ಒಮ್ಮೆ ಆ ಸ್ಕೇಲ್ ನೋಡಿ ಬರೆಯಲಿ.

ಇಂತಿ,
ನಿಮ್ಮ ಗ್ರಾಹಕ