ಈ ಆಲ್ಬಮ್‌ಗಳಿಗೆ ಇನ್ನಷ್ಟು ಕಿವಿ ಬೇಕು

ಗೆಳೆಯಾ,

ಎಲ್ಲರಿಗೂ ಗೊತ್ತಿರುವ ಹೆಸರು ಬಿಟ್ಟು ಒಂದಷ್ಟು ಪ್ರೋಗ್ ಆಲ್ಬಮ್ ಹೇಳು ಅಂತ ಕೇಳಿದ್ದೆಯಲ್ಲ, ಉತ್ತರ ಇಲ್ಲೇ ಎಲ್ಲರ ಎದುರು ಬರೆಯುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ಓದಿ ‘ಸೂಪರ್ ಗುರು’ ಅಂದು ಮುಗಿಸುತ್ತೀಯ. ಇಲ್ಲಿ ಹಾಕಿದರೆ ತುಮಕೂರಿನಲ್ಲೋ ತಿಪಟೂರಿನಲ್ಲೋ ಇರುವ ಯಾರೋ ಒಬ್ಬರು ಒಂದು ಹಾಡನ್ನಾದರೂ ಹಾಕಿ ಕೇಳಬಹುದು. ನೀಲಿ ಸ್ವೆಟರ್ ವಿಷಯ ಮಾತ್ರ ಇಲ್ಲಿ ಎತ್ತುವುದಿಲ್ಲ, ಹೆದರಬೇಡ.

ಜೊತೆಗೆ ಓದುತ್ತಿರುವವರಿಗೆ ಎರಡು ಮಾತು. ಪ್ರೋಗ್ರೆಸಿವ್ ರಾಕ್, ಅಂದರೆ ಈ ಪ್ರೋಗ್, ಹುಟ್ಟಿದ್ದು 1960ರ ದಶಕದ ಕೊನೆಗೆ, ಇಂಗ್ಲೆಂಡಿನಲ್ಲಿ. ಮೂರು ನಿಮಿಷದ ಹಾಡು ಸಾಲದು ಅನ್ನಿಸಿದ ಹುಡುಗರು ರಾಕ್ ಜೊತೆ ಜಾಝ್, ಚರ್ಚಿನ ಆರ್ಗನ್, ಅವರ ಶಾಸ್ತ್ರೀಯ ಸಂಗೀತ ಎಲ್ಲವನ್ನೂ ಸೇರಿಸಿದರು. ಎಲ್‌ಪಿ ರೆಕಾರ್ಡಿನ ಒಂದು ಬದಿ ಪೂರ್ತಿ ಒಂದೇ ಹಾಡು ಮಾಡಿದರು. 1969ರಲ್ಲಿ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ ಬಂತು. ಅದರ ಜೊತೆಗೆ ಯೆಸ್, ಜೆನೆಸಿಸ್, ಪಿಂಕ್ ಫ್ಲಾಯ್ಡ್. ಯಾವ ಪಟ್ಟಿ ತೆಗೆದರೂ ಈ ನಾಲ್ಕು ಇದ್ದೇ ಇರುತ್ತವೆ. ಇರಲಿ, ಇರಲೇಬೇಕು. ಆದರೆ ಪಟ್ಟಿ ಅಲ್ಲಿಗೇ ನಿಂತುಬಿಡುತ್ತದಲ್ಲ, ಅದು ನನಗೆ ಹೊಟ್ಟೆಯುರಿಸುತ್ತದೆ.

‘ಇಪ್ಪತ್ತು ನಿಮಿಷದ ಹಾಡಾ?’ ಅಂತ ಜನ ಕೇಳುತ್ತಾರೆ. ನಮ್ಮ ಜಿಲ್ಲೆಯವರು ಹಾಗೆ ಕೇಳಬಾರದು ಅನ್ನೋದು ನನ್ನ ವಾದ. ಗುಬ್ಬಿ ಕಂಪನಿ ನಾಟಕಗಳ ಸೀಮೆ ಇದು. ಮೂಡಲಪಾಯ ಯಕ್ಷಗಾನಕ್ಕೆ ಚಾಪೆ ಹಾಸಿಕೊಂಡು, ಕಂಬಳಿ ಹೊದ್ದು, ಬೆಳಗಿನ ಜಾವದವರೆಗೆ ಕೂತ ಜನ ನಾವು. ಇಪ್ಪತ್ತು ನಿಮಿಷಕ್ಕೆ ಅಲ್ಲಿ ಒಂದು ಪಾತ್ರದ ಪ್ರವೇಶವೇ ಮುಗಿಯುತ್ತಿರಲಿಲ್ಲ. ತಾಳದ ಕಥೆಯೂ ಅಷ್ಟೇ. ಪಿಂಕ್ ಫ್ಲಾಯ್ಡ್‌ನ ‘ಮನಿ’ ಹಾಡು ಏಳರ ಲೆಕ್ಕದಲ್ಲಿದೆ, ಜೆತ್ರೋ ಟಲ್‌ನ ‘ಲಿವಿಂಗ್ ಇನ್ ದ ಪಾಸ್ಟ್’ ಐದರ ಲೆಕ್ಕದಲ್ಲಿದೆ ಅಂತ ಹೊರಗಿನವರು ಬೆರಗಿನಿಂದ ಬರೆಯುತ್ತಾರೆ. ನಿಮ್ಮ ಮೃದಂಗದ ಮೇಷ್ಟ್ರು ಆ ಎರಡನೇ ಹಾಡು ಕೇಳಿ, ತಲೆಯೂ ಎತ್ತದೆ, ‘ತಕ ತಕಿಟ, ಖಂಡ ಚಾಪು’ ಅಂತ ನಮ್ಮ ಐದರ ತಾಳದ ಹೆಸರು ಹೇಳಿ ತೊಡೆ ತಟ್ಟಿದ್ದರು. ನೆನಪಿದೆ ಅಲ್ವಾ?

ಮೊದಲ ಹೆಸರು ಯಾವುದು ಅಂತ ನಿನಗೆ ಗೊತ್ತೇ ಇದೆ. ಜೆಂಟಲ್ ಜೈಂಟ್.

ಶುಲ್ಮನ್ ಅಣ್ಣತಮ್ಮಂದಿರ ತಂಡ. ಇವರೇ 1967ರಲ್ಲಿ ಸೈಮನ್ ಡುಪ್ರೀ ಅಂಡ್ ದ ಬಿಗ್ ಸೌಂಡ್ ಅನ್ನುವ ಹೆಸರಿನಲ್ಲಿ ‘ಕೈಟ್ಸ್’ ಹಾಡಿ ಹಿಟ್ ಕೊಟ್ಟಿದ್ದರು. ಅದೇ ದಾರಿಯಲ್ಲಿ ಆರಾಮಾಗಿ ಇರಬಹುದಿತ್ತು. ಇರಲಿಲ್ಲ. 1970ರಲ್ಲಿ ಜೆಂಟಲ್ ಜೈಂಟ್ ಕಟ್ಟಿದರು. ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್‌ನಲ್ಲಿ ಓದಿದ್ದ ಕೆರಿ ಮಿನಿಯರ್ ಕೀಬೋರ್ಡ್‌ಗೆ ಬಂದ. ಚೆಲ್ಲೋ, ಪಿಟೀಲು, ರೆಕಾರ್ಡರ್, ವೈಬ್ರಫೋನ್, ಏನು ಕೈಗೆ ಸಿಕ್ಕರೂ ನುಡಿಸುತ್ತಿದ್ದರು. ಒಬ್ಬೊಬ್ಬರೂ ಎರಡು ಮೂರು ವಾದ್ಯ.

1973ರ ‘ಇನ್ ಎ ಗ್ಲಾಸ್ ಹೌಸ್’ ಮೊದಲು ಕೇಳಿಸಬೇಕು. ಹಿರಿಯಣ್ಣ ಫಿಲ್ ತಂಡ ಬಿಟ್ಟು ಹೋಗಿದ್ದ. ಉಳಿದ ಐವರು ಮಾಡಿದ ಆಲ್ಬಮ್ ಅದು. ಗಾಜು ಒಡೆಯುವ ಸದ್ದಿನಿಂದ ಶುರುವಾಗುತ್ತದೆ. ಒಂದು ಸಲ ಒಡೆಯುತ್ತದೆ, ಮತ್ತೆ ಒಡೆಯುತ್ತದೆ, ಏನಿದು ಅಂತ ನೀನು ನೋಡುವಷ್ಟರಲ್ಲಿ ಆ ಒಡೆಯುವ ಸದ್ದೇ ತಾಳವಾಗಿರುತ್ತದೆ. ಗಿಟಾರು ಅದರ ಮೇಲೆ ಬಂದು ಕೂರುತ್ತದೆ. ಇಂಥ ಆಲ್ಬಮ್ಮನ್ನು ಆಗ ಅಮೆರಿಕದಲ್ಲಿ ಬಿಡುಗಡೆಯೇ ಮಾಡಲಿಲ್ಲ. ಅಲ್ಲಿನವರು ಹೊರದೇಶದಿಂದ ಬಂದ ಪ್ರತಿ ಹುಡುಕಿ ಕೊಂಡು ಕೇಳಿದರು.

ಆದರೆ ಒಂದೇ ಒಂದು ಹಾಡು ಆರಿಸು ಅಂದರೆ 1975ರ ‘ಫ್ರೀ ಹ್ಯಾಂಡ್’ ಆಲ್ಬಮ್‌ನ ‘ಆನ್ ರಿಫ್ಲೆಕ್ಷನ್’. ವಾದ್ಯವೇ ಇಲ್ಲದೆ ಒಂದು ದನಿ ಶುರುವಾಗುತ್ತದೆ. ಅದು ಮುಗಿಯುವ ಮೊದಲೇ ಎರಡನೆಯದು ಒಳಗೆ ಬರುತ್ತದೆ. ಆಮೇಲೆ ಮೂರನೆಯದು, ನಾಲ್ಕನೆಯದು. ಯಾರೂ ಯಾರಿಗೂ ಕಾಯುವುದಿಲ್ಲ, ಯಾರೂ ಯಾರನ್ನೂ ಮುಚ್ಚಿಹಾಕುವುದೂ ಇಲ್ಲ. ಮಗಳಿಗೆ ಕೇಳಿಸಿದೆ. ಹೋಮ್‌ವರ್ಕ್ ಬಿಟ್ಟು ಬಂದು ಕೂತಳು. ‘ಅಪ್ಪಾ, ನಮ್ಮ ಮಿಸ್ಸು ಕ್ಲಾಸನ್ನ ಗುಂಪು ಮಾಡಿ ಒಂದೇ ಹಾಡು ಹಿಂದೆ ಮುಂದೆ ಹೇಳಿಸ್ತಾರಲ್ಲ, ಹಂಗಿದೆ. ಆದ್ರೆ ನಾವು ಗಲಾಟೆ ಮಾಡ್ತೀವಿ, ಇವರು ಮಾಡಲ್ಲ’ ಅಂದಳು. ಈ ಹಾಡಿನ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಓದಿಲ್ಲ.

ತಂಡ 1980ರಲ್ಲಿ ನಿಂತುಹೋಯಿತು. ಜೆನೆಸಿಸ್ ಹೆಸರು ಹೇಳುವವರಲ್ಲಿ ಹತ್ತಕ್ಕೊಬ್ಬರಾದರೂ ಜೆಂಟಲ್ ಜೈಂಟ್ ಹೆಸರು ಹೇಳಬೇಕಿತ್ತು.

ಎರಡನೆಯದು ವ್ಯಾನ್ ಡರ್ ಗ್ರಾಫ್ ಜನರೇಟರ್, 1971ರ ‘ಪಾನ್ ಹಾರ್ಟ್ಸ್’. ಇದನ್ನು ಮಗಳಿಗೆ ಇನ್ನೂ ಕೇಳಿಸಿಲ್ಲ, ಸ್ವಲ್ಪ ಭಯವಾಗುತ್ತದೆ. ಎರಡನೇ ಬದಿ ಪೂರ್ತಿ ಒಂದೇ ಹಾಡು, ಸುಮಾರು 23 ನಿಮಿಷ. ಲೈಟ್‌ಹೌಸ್ ಕಾಯುವ ಒಬ್ಬಂಟಿ ಮನುಷ್ಯ. ಕಣ್ಣೆದುರೇ ಹಡಗುಗಳು ಬಂಡೆಗೆ ಬಡಿದು ಒಡೆಯುವುದನ್ನು ನೋಡುತ್ತಾನೆ, ಏನೂ ಮಾಡಲಾರ. ಪೀಟರ್ ಹ್ಯಾಮಿಲ್ ಪಿಸುಗುಟ್ಟುತ್ತಾನೆ, ಮರುಗಳಿಗೆ ಕಿರುಚುತ್ತಾನೆ. ಬೇಸ್ ಗಿಟಾರು ನುಡಿಸುವವನು ತಂಡ ಬಿಟ್ಟಿದ್ದ. ಹ್ಯೂ ಬ್ಯಾಂಟನ್ ಆರ್ಗನ್ ನುಡಿಸುತ್ತಲೇ ಕಾಲಿನ ಪೆಡಲ್‌ನಲ್ಲಿ ಬೇಸ್ ತುಂಬುತ್ತಿದ್ದ. ಡೇವಿಡ್ ಜಾಕ್ಸನ್ ಬಾಯಿಗೆ ಎರಡು ಸ್ಯಾಕ್ಸೋಫೋನ್ ಒಟ್ಟಿಗೇ ಇಟ್ಟುಕೊಂಡು ಊದುತ್ತಿದ್ದ. ಗಿಟಾರಿಗೆ ಅತಿಥಿಯಾಗಿ ಕಿಂಗ್ ಕ್ರಿಮ್ಸನ್‌ನ ರಾಬರ್ಟ್ ಫ್ರಿಪ್. ಇಟಲಿಯಲ್ಲಿ ಈ ಆಲ್ಬಮ್ ಒಂದನೇ ಸ್ಥಾನಕ್ಕೆ ಹೋಯಿತು. ಅವರ ಸ್ವಂತ ದೇಶದಲ್ಲಿ ಅಷ್ಟು ಜನ ಕೇಳಲಿಲ್ಲ.

ವಿಚಿತ್ರ ನೋಡು, ಮೂರನೆಯದರಲ್ಲೂ ಒಂದು ಲೈಟ್‌ಹೌಸ್ ಇದೆ. ಕ್ಯಾಮೆಲ್ ತಂಡದ ‘ದ ಸ್ನೋ ಗೂಸ್’, 1975. ಪಾಲ್ ಗ್ಯಾಲಿಕೋ ಬರೆದ ಸಣ್ಣ ಕಥೆಯೊಂದರಿಂದ ಹುಟ್ಟಿದ್ದು. ಜನರಿಂದ ದೂರ, ಪಾಳುಬಿದ್ದ ಲೈಟ್‌ಹೌಸ್‌ನಲ್ಲಿರುವ ರಾಯಡರ್ ಎಂಬ ಚಿತ್ರಕಾರ. ಗಾಯಗೊಂಡ ಹಕ್ಕಿಯನ್ನು ಎತ್ತಿಕೊಂಡು ಬರುವ ಒಬ್ಬ ಹುಡುಗಿ. ಆಮೇಲೆ ಎರಡನೇ ಮಹಾಯುದ್ಧ, ಡನ್‌ಕರ್ಕ್ ತೀರ. ಲೇಖಕರ ಕಡೆಯಿಂದ ತಕರಾರು ಬಂದದ್ದರಿಂದ ‘ಕಥೆಯಿಂದ ಪ್ರೇರಿತ ಸಂಗೀತ’ ಅಂತ ಹೊದಿಕೆಯ ಮೇಲೆ ಹಾಕಬೇಕಾಯಿತು. ಇಡೀ ಆಲ್ಬಮ್‌ನಲ್ಲಿ ಕಥೆ ಹೇಳುವ ಒಂದು ಸಾಲೂ ಇಲ್ಲ. ರಾಯಡರ್ ಯಾರು ಅಂತ ಹೇಳುವುದು ಆಂಡ್ರ್ಯೂ ಲ್ಯಾಟಿಮರ್‌ನ ಕೊಳಲು.

ಆ ಕೊಳಲಿನ ಸ್ವರದ ಪಕ್ಕದಲ್ಲೇ ಉಸಿರಿನ ಸದ್ದು ಬರುತ್ತದೆ, ಗೊತ್ತಲ್ಲ? ತುಟಿಯ ಅಂಚಿನಿಂದ ಗಾಳಿ ಜಾರುವ ಸದ್ದು. ಈಚೆಗೆ ಒಂದು ರಾತ್ರಿ ಟೆರೇಸ್ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ. ಬಲಗಿವಿಯಲ್ಲಿ ಸ್ವರ ಇತ್ತು, ಉಸಿರು ಇರಲಿಲ್ಲ. ಹೆಡ್‌ಫೋನ್ ಒಂದು ಕಡೆ ಹೋಗಿರಬೇಕು ಅಂದುಕೊಂಡು ತಿರುಗಿಸಿ ಹಾಕಿಕೊಂಡೆ. ಆಗಲೂ ಬಲಗಿವಿಯಲ್ಲೇ ಇಲ್ಲ. ಹೆಡ್‌ಫೋನ್ ಸರಿಯಾಗೇ ಇತ್ತು ಮಾರಾಯ.

ಕಿವಿ ಡಾಕ್ಟರ ಹತ್ತಿರ ಹೋದೆ. ಗಾಜಿನ ಕಿಟಕಿಯ ಸಣ್ಣ ರೂಮಿನಲ್ಲಿ ಕೂರಿಸಿ, ಸದ್ದು ಕೇಳಿಸಿದರೆ ಗುಂಡಿ ಒತ್ತು ಅಂದರು. ಬಂದ ಕಾಗದದಲ್ಲಿ ಎರಡು ಗೆರೆ. ಸೊನ್ನೆ ಗುರುತಿನದು ಬಲಗಿವಿ, ಇಂಟು ಗುರುತಿನದು ಎಡಗಿವಿ. ಎರಡೂ ಸಮನಾಗಿ ಬಂದು 4,000 ಹರ್ಟ್ಸ್ ಹತ್ತಿರ ಕೆಳಗಿಳಿದು ಮತ್ತೆ ಮೇಲೇಳುತ್ತವೆ. ಗೆರೆ ಕೆಳಗಿಳಿದಷ್ಟೂ ಕೇಳಿಸುವುದು ಕಡಿಮೆ. ಬಲಗಿವಿಯದು ಜಾಸ್ತಿ ಆಳ. ಮೆಷಿನ್ ಸದ್ದಿನ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದವರ ಗೆರೆ ಸಾಮಾನ್ಯವಾಗಿ ಹೀಗೇ ಇರುತ್ತದಂತೆ. ಒಳಗಿವಿಯಲ್ಲಿ ಕೂದಲಿನಂಥ ಎಳೆ ಇರುವ ಜೀವಕೋಶಗಳಿವೆ, ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಮಾತು ಚೆನ್ನಾಗೇ ಕೇಳಿಸುತ್ತದೆ. ಹೋಗುವುದು ತುದಿಯ ಸಣ್ಣ ಸಣ್ಣ ಸದ್ದುಗಳು. ಡ್ರಮ್ಸ್‌ನ ಸಿಂಬಲ್ ತಟ್ಟೆಯ ಮಿಂಚು, ‘ಸ’ಕಾರದ ಗಾಳಿ, ಕೊಳಲಿನ ಉಸಿರು.

ಇಷ್ಟೆಲ್ಲ ಬರೆಯಬೇಕು ಅಂತ ಕೂತವನಲ್ಲ. ಬಂದಿದೆ, ಹೇಳಿಯೇ ಬಿಡುತ್ತೇನೆ.

ಅವತ್ತಿನಿಂದ ರಾತ್ರಿ ಒಂದೊಂದೇ ಆಲ್ಬಮ್ ಕೇಳುತ್ತಿದ್ದೇನೆ. ಯಾವುದರಲ್ಲಿ ಏನು ಉಳಿದಿದೆ, ಏನು ಹೋಗಿದೆ ಅಂತ. ಇಲ್ಲೇ ನನಗೆ ದಿಗಿಲಾಗುವುದು. ಚೆನ್ನಾಗಿ ಗೊತ್ತಿರುವ ಹಾಡಿನಲ್ಲಿ ಕಿವಿ ಬಿಟ್ಟದ್ದನ್ನು ನೆನಪು ತುಂಬಿಬಿಡುತ್ತದೆ. ‘ಆನ್ ರಿಫ್ಲೆಕ್ಷನ್’ ಹಾಡಿನ ನಾಲ್ಕು ದನಿಯೂ ನನಗೆ ಕೇಳಿಸುತ್ತವೆ. ಆದರೆ ಅದರಲ್ಲಿ ಎಷ್ಟು ಈಗ ಕೇಳಿದ್ದು, ಎಷ್ಟು ಆಗ ಕೇಳಿದ್ದು? ನನಗೇ ಹೇಳೋಕೆ ಆಗುತ್ತಿಲ್ಲ. ಹೊಸ ಆಲ್ಬಮ್ ಹಾಕಿದರೆ ಅದನ್ನು ತುಂಬೋದಕ್ಕೆ ನೆನಪೂ ಇಲ್ಲ.

ಪಿಂಕ್ ಫ್ಲಾಯ್ಡ್‌ನ ಒಂದು ಸ್ವರ ನನಗೆ ಕೇಳಿಸದೇ ಹೋದರೆ ಅದಕ್ಕೇನೂ ಆಗುವುದಿಲ್ಲ. ಲೋಕದ ತುಂಬ ಅದಕ್ಕೆ ಕಿವಿಗಳಿವೆ. ‘ಫ್ರೀ ಹ್ಯಾಂಡ್’ಗೆ? ಈ ಊರಿನಲ್ಲಿ ಅದರ ಬಗ್ಗೆ ನಾನು ಮಾತಾಡಬಹುದಾಗಿದ್ದವನು ನೀನೊಬ್ಬ. ನೀನೂ ಪುಣೆ ಸೇರಿದೆ. ಬೆಂಗಳೂರಿನ ರೈಲಿನಲ್ಲಿ ಒಂದೇ ವಾಕ್‌ಮನ್ ಇಟ್ಟುಕೊಂಡು, ಎಡಗಡೆಯ ಇಯರ್‌ಫೋನ್ ನಿನಗೆ, ಬಲಗಡೆಯದು ನನಗೆ ಅಂತ ಹಂಚಿಕೊಳ್ಳುತ್ತಿದ್ದೆವಲ್ಲ. ಸಿ-90 ಕ್ಯಾಸೆಟ್, ಬದಿಗೊಂದು ಆಲ್ಬಮ್. ಹಿರೇಹಳ್ಳಿ ದಾಟುವಾಗ ಶುರು ಮಾಡಿದರೆ ಸೋಲದೇವನಹಳ್ಳಿ ಬರುವ ಹೊತ್ತಿಗೆ ಒಂದು ಬದಿ ಮುಗಿಯುತ್ತಿತ್ತು. ‘ಈಗ ನಿನ್ನ ಕಡೆ ಏನು ಬಂತು?’ ಅಂತ ಒಬ್ಬರನ್ನೊಬ್ಬರು ಕೇಳುತ್ತಿದ್ದೆವು. ಈಗ ನನಗೆ ಮತ್ತೆ ಹಾಗೆ ಯಾರನ್ನಾದರೂ ಕೇಳಬೇಕಾಗಿದೆ, ಕೇಳಲು ಪಕ್ಕದಲ್ಲಿ ಯಾರೂ ಇಲ್ಲ. ಒಳ್ಳೆಯ ಆಲ್ಬಮ್‌ಗೆ ಸಿಗಬೇಕಾದ ಹೆಸರು ಸಿಗಲಿಲ್ಲ ಅಂತ ಇಷ್ಟು ವರ್ಷ ಕೂಗಾಡಿದೆನಲ್ಲ, ನನಗೆ ಬೇಕಾಗಿದ್ದದ್ದು ಪ್ರಶಸ್ತಿಯೂ ಅಲ್ಲ, ಪಟ್ಟಿಯಲ್ಲಿ ಜಾಗವೂ ಅಲ್ಲ. ಇನ್ನೊಂದು ಜೊತೆ ಕಿವಿ.

ಮನೆಯಲ್ಲಿ ಇನ್ನೂ ಹೇಳಿಲ್ಲ. ಇವತ್ತು ಸಂಜೆ ಹೇಳಿ, ಆಮೇಲೆ ಇದನ್ನು ಹಾಕುತ್ತೇನೆ. ನೀನು ಓದುತ್ತಿದ್ದೀಯ ಅಂದರೆ ಹೇಳಿಯಾಗಿದೆ ಅಂತ ತಿಳಿ. ಗಾಬರಿಯಿಂದ ಫೋನ್ ಮಾಡಬೇಡ. ಮಾಡಿದರೆ ಹಾಡಿನ ಬಗ್ಗೆ ಮಾತಾಡು.

ಸರಿ, ಪಟ್ಟಿ ಬಾಕಿ ಇದೆ. ಬೇಗ ಹೇಳಿಬಿಡುತ್ತೇನೆ.

ಇಟಲಿಯವರನ್ನು ಬಿಡುವ ಹಾಗಿಲ್ಲ. ಪ್ರೆಮಿಯಾತಾ ಫೊರ್ನೇರಿಯಾ ಮಾರ್ಕೋನಿ ತಂಡದ ‘ಪೆರ್ ಉನ್ ಅಮೀಕೋ’, 1972. ಇದರ ಹಲವು ಹಾಡುಗಳಿಗೆ ಕಿಂಗ್ ಕ್ರಿಮ್ಸನ್‌ಗೆ ಬರೆಯುತ್ತಿದ್ದ ಪೀಟರ್ ಸಿನ್‌ಫೀಲ್ಡ್ ಮರುವರ್ಷ ಇಂಗ್ಲಿಷ್ ಸಾಹಿತ್ಯ ಕಟ್ಟಿದ. ಅದು ಹೆಚ್ಚು ಜನರನ್ನು ಮುಟ್ಟಿತು, ಆದರೂ ನನ್ನ ಮತ ಇಟಾಲಿಯನ್‌ಗೇ. ಅದೇ 1972ರಲ್ಲಿ ಬ್ಯಾಂಕೋ ತಂಡದ ‘ಡಾರ್ವಿನ್!’. ಜೀವ ವಿಕಾಸದ ಕಥೆಯನ್ನು ರಾಕ್ ಆಲ್ಬಮ್ ಮಾಡುವ ಧೈರ್ಯ ಯಾರಿಗಿದೆ ಹೇಳು.

ಕೆನಡಾದ ಕ್ವಿಬೆಕ್‌ನ ಹಾರ್ಮೋನಿಯಮ್ ತಂಡ 1975ರಲ್ಲಿ ಮಾಡಿದ ಎರಡನೇ ಆಲ್ಬಮ್. ಐದು ಹಾಡು, ಐದು ಋತು. ಐದನೆಯದು ಅವರೇ ಕಲ್ಪಿಸಿಕೊಂಡದ್ದು. ಡ್ರಮ್ಸ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕೊನೆಯ ಹಾಡು ಹದಿನೇಳು ನಿಮಿಷ. ಪ್ರೋಗ್ ಅಂದರೆ ಬರೀ ಗದ್ದಲ ಅನ್ನುವವರಿಗೆ ಇದನ್ನು ಕೊಡು. ಸ್ವೀಡನ್ನಿನ ಎಂಗ್ಲಗೋರ್ಡ್, ‘ಹೈಬ್ರಿಸ್’, 1992. ಈ ಸಂಗೀತದ ಕಾಲ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದಾಗ ಹುಡುಗರು ಹಳೆಯ ಮೆಲ್ಲೋಟ್ರಾನ್ ಎತ್ತಿಕೊಂಡು ಬಂದರು. ಮೆಲ್ಲೋಟ್ರಾನ್ ಅನ್ನೋದು ಒಂದು ಕೀಬೋರ್ಡ್, ಅದರ ಕೀಲಿ ಒತ್ತಿದರೆ ಒಳಗೆ ಆ ಸ್ವರ ರೆಕಾರ್ಡ್ ಆಗಿರುವ ಒಂದು ಟೇಪ್ ಓಡುತ್ತದೆ. ಸುಮಾರು ಎಂಟು ಸೆಕೆಂಡಿಗೆ ಮುಗಿಯುತ್ತದೆ, ಬೆರಳೆತ್ತಿದರೆ ಹಿಂದಕ್ಕೆ ಹೋಗುತ್ತದೆ. ‘ಎಂಟು ಸೆಕೆಂಡು’ ಅಂತ ಕಾಲೇಜಿನಲ್ಲಿ ಯಾರಿಗೆ ಹೆಸರಿಟ್ಟಿದ್ದೆವು, ಯಾಕೆ ಇಟ್ಟಿದ್ದೆವು ಅನ್ನುವುದು ನಮ್ಮಿಬ್ಬರಲ್ಲೇ ಇರಲಿ. ಇನ್ನು ನಮ್ಮ ಪಕ್ಕದ ರಾಜ್ಯದ್ದೊಂದು. ಕೊಚ್ಚಿಯ ಮದರ್‌ಜೇನ್, ‘ಮಕ್ತೂಬ್’, 2008. ಬೈಜು ಧರ್ಮಜನ್ ಗಿಟಾರಿನಲ್ಲಿ ಗಮಕ ಎಳೆಯುವುದನ್ನು ಕೇಳಿದರೆ ಮೃದಂಗದ ಮೇಷ್ಟ್ರೂ ತಲೆ ಎತ್ತುತ್ತಾರೆ.

ದೀಪಾವಳಿಗೆ ಬರುತ್ತೀಯಲ್ಲ, ಒಂದು ಕೆಲಸ ಮಾಡು. ಮಗಳ ಪಕ್ಕ ಕೂತು ‘ಸ್ನೋ ಗೂಸ್’ ಪೂರ್ತಿ ಕೇಳಿಸು. ಎಲ್ಲಿ ಏನು ಬರುತ್ತದೆ ಅಂತ ನೀನು ಮೊದಲೇ ಹೇಳಬೇಡ, ಅವಳೇ ಹೇಳಲಿ. ನಾನು ಎದುರಿಗೆ ಕೂತಿರುತ್ತೇನೆ. ‘ಪಾನ್ ಹಾರ್ಟ್ಸ್’ ಅವಳಿಗೆ ಈಗಲೇ ಬೇಕೋ ಬೇಡವೋ, ತೀರ್ಮಾನ ನಿನ್ನದು. ನಿನ್ನ ದೊಡ್ಡ ಸ್ಪೀಕರ್ ಹೊತ್ತುಕೊಂಡು ಬರಬೇಡ, ನಮ್ಮ ಪಕ್ಕದ ಮನೆಯಲ್ಲಿ ಹಸುಗೂಸಿದೆ. ಬೆಳಗ್ಗೆ ಬೇಗ ಎದ್ದರೆ ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ, ದುಡ್ಡು ನಿನ್ನದೇ, ಹೋದ ಸಲದ್ದೂ ಸೇರಿ. ಮತ್ತೆ ಆ ನೀಲಿ ಸ್ವೆಟರ್ ಈ ಸಲವಾದರೂ ವಾಪಸ್ ತಗೊಂಡು ಬಾ.

ಇಂತಿ ನಿನ್ನ,
ಬಲಗಡೆಯವನು