ಮಗಳ ಮೊಬೈಲ್ ಕಸಿದುಕೊಂಡರೆ ಉಳಿಯುವುದು ಯಾರು?

ಮಾನ್ಯ ಸಂಪಾದಕರೇ,

ಕಳೆದ ಶ್ರಾವಣದಲ್ಲಿ ಜಿಲ್ಲೆಯ ಮಲೆನಾಡ ಸೆರಗಿನ ಹಳ್ಳಿಯೊಂದರಲ್ಲಿರುವ ನೆಂಟರ ಮನೆಗೆ ಹೋಗಿದ್ದಾಗ, ದ್ವಿತೀಯ ಪಿಯುಸಿ ಓದುತ್ತಿದ್ದ ಅವರ ಮಗಳು ಕಾಲೇಜು ಬಿಟ್ಟು ಮನೆಯಲ್ಲಿ ಕೂತಿರುವುದು ತಿಳಿಯಿತು. ಅಣ್ಣನ ಮದುವೆಯಲ್ಲಿ ತೆಗೆಸಿಕೊಂಡು ಇನ್‌ಸ್ಟಾಗ್ರಾಂಗೆ ಹಾಕಿದ್ದ ಫೋಟೊದಿಂದ ಅವಳ ಮುಖವನ್ನಷ್ಟೇ ಕತ್ತರಿಸಿ, ಇನ್ನಾರದೋ ಬೆತ್ತಲೆ ದೇಹಕ್ಕೆ ಅಂಟಿಸಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಿಟ್ಟಿದ್ದರು. ವಿಷಯ ತಿಳಿದ ರಾತ್ರಿಯೇ ಅವಳಪ್ಪ ಮಗಳ ಮೊಬೈಲ್ ಕಸಿದುಕೊಂಡು, ಸಿಮ್ ಮುರಿದೆಸೆದು, ಮೊಬೈಲನ್ನು ಅಟ್ಟದ ಮೇಲಿನ ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಮರುದಿನದಿಂದ ಕಾಲೇಜು ನಿಂತಿತು. ಚಿತ್ರ ಹರಿಬಿಟ್ಟವನು ಯಾರೆಂದು ಊರಿಗೆಲ್ಲ ಗೊತ್ತಿತ್ತು. ಅವನ ಮೊಬೈಲ್ ಅವನ ಜೇಬಿನಲ್ಲೇ ಇತ್ತು. (ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಹುಡುಗಿಯನ್ನೂ ಅವಳ ತಾಯಿಯನ್ನೂ ಕೇಳಿಯೇ ಇಷ್ಟನ್ನು ಬರೆಯುತ್ತಿದ್ದೇನೆ.)

ಆ ತಂದೆ ಕೆಟ್ಟವರಲ್ಲ. ಎರಡು ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಮಗಳನ್ನು ಓದಿಸಿದವರು. ಆದರೆ ಮನೆಯ ಮಾನ ಉಳಿಯಲೆಂದು ಅವರು ಮಾಡಿದ ಕೆಲಸದಿಂದ ಕೈಯಲ್ಲಿದ್ದ ಸಾಕ್ಷ್ಯವೇ ಹೋಯಿತು. ನನ್ನ ಒತ್ತಾಯಕ್ಕೆ ಎರಡು ತಿಂಗಳ ನಂತರ ಟ್ರಂಕು ತೆರೆದು, ಆ ಮೊಬೈಲನ್ನು ಚಾರ್ಜಿಗೆ ಹಾಕಿ ನೋಡುವಷ್ಟರಲ್ಲಿ, ಅವಳನ್ನು ಬೆದರಿಸುತ್ತಿದ್ದ ಖಾತೆಯನ್ನೇ ಆ ಚಿತ್ರ ಹರಿಬಿಟ್ಟವನು ಅಳಿಸಿಹಾಕಿದ್ದ. ಅದೇ ಹುಡುಗ ಅದಕ್ಕೂ ಮೊದಲು ಆರು ತಿಂಗಳು ಬಸ್ ನಿಲ್ದಾಣದಿಂದ ಕಾಲೇಜಿನ ಗೇಟಿನವರೆಗೆ ಹಿಂದೆ ಬೀಳುತ್ತಿದ್ದನಂತೆ. ಹೇಳಿದರೆ ಓದು ನಿಲ್ಲಿಸುತ್ತಾರೆಂಬ ಭಯಕ್ಕೆ ಅವಳು ಬಾಯಿ ಬಿಟ್ಟಿರಲಿಲ್ಲ. ಅವಳ ಭಯವೇ ನಿಜವಾಯಿತು.

ಬೀದಿಯಲ್ಲಿ ಹಿಂಬಾಲಿಸುವುದೂ ಮೊಬೈಲಿನಲ್ಲಿ ಬೆನ್ನುಹತ್ತುವುದೂ ಬೇರೆ ಬೇರೆಯಲ್ಲ ಎಂಬುದನ್ನು ಕಾನೂನು ನಮಗಿಂತ ಚೆನ್ನಾಗಿ ಅರಿತಿದೆ. 2024ರ ಜುಲೈ 1ರಿಂದ ಐಪಿಸಿಯ ಬದಲು ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಎರಡನ್ನೂ ಒಂದೇ ಅಪರಾಧವೆಂದು ಹೇಳುತ್ತದೆ. 'ಫೋಟೊ ತೆಗೆಸಿಕೊಂಡಿದ್ದೇ ಯಾಕೆ' ಎಂದು ಕೇಳುವವರು 77ನೇ ಸೆಕ್ಷನ್ ಓದಬೇಕು: ಖಾಸಗಿ ಚಿತ್ರವನ್ನು ತೆಗೆಯಲು ಹೆಣ್ಣು ಸ್ವತಃ ಒಪ್ಪಿದ್ದರೂ, ಅದನ್ನು ಇತರರಿಗೆ ಹಂಚಲು ಒಪ್ಪಿರದಿದ್ದರೆ ಹಂಚಿದವನು ಅಪರಾಧಿ. ಹುಡುಗಿಗೆ 18 ತುಂಬಿರದಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಮತ್ತು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಇನ್ನೂ ಕಠಿಣವಾಗಿವೆ. 'ನಾನು ಮಾಡಿದ್ದಲ್ಲ, ಬಂದದ್ದನ್ನು ಕಳಿಸಿದೆ ಅಷ್ಟೆ' ಎಂಬ ಸಮಜಾಯಿಷಿ ಅಲ್ಲಿ ನಿಲ್ಲುವುದಿಲ್ಲ.

ಹಾಸನದವರಾದ ನಮಗೆ ಇದನ್ನು ಹೊರಗಿನವರು ಹೇಳಿಕೊಡಬೇಕಿಲ್ಲ. 2024ರ ಲೋಕಸಭಾ ಚುನಾವಣೆಯ ಹೊತ್ತಿಗೆ ಪೆನ್‌ಡ್ರೈವ್‌ಗಳು ಜಿಲ್ಲೆಯಲ್ಲಿ ಹಂಚಿಕೆಯಾದಾಗ, ಮುಖವನ್ನೂ ಮರೆಮಾಡದ ಹೆಣ್ಣುಮಕ್ಕಳ ಲೈಂಗಿಕ ದೃಶ್ಯಗಳು ಮೊಬೈಲಿನಿಂದ ಮೊಬೈಲಿಗೆ ಓಡಿದವು. ಅವನ್ನು ಹಂಚುವುದು ಅಪರಾಧವೆಂದು ವಿಶೇಷ ತನಿಖಾ ತಂಡವೇ ಎಚ್ಚರಿಸಬೇಕಾಯಿತು. 2025ರ ಆಗಸ್ಟ್‌ನಲ್ಲಿ ಮನೆಗೆಲಸದ ಮಹಿಳೆಯೊಬ್ಬರ ದೂರಿನ ಮೇಲೆ, ಆ ಪ್ರಕರಣಗಳ ಆರೋಪಿಯಾದ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣನಿಗೆ ಜೀವಾವಧಿ ಶಿಕ್ಷೆಯಾಯಿತು. ಆ ದೃಶ್ಯಗಳನ್ನು ಕೂತು ನೋಡಿ, ಪಕ್ಕದವರಿಗೂ ಕಳಿಸಿದ ನಾವು ಮಾತ್ರ ಏನೂ ಮಾಡದವರಂತೆ ಉಳಿದುಬಿಟ್ಟಿದ್ದೇವೆ.

ಜಿಲ್ಲಾ ಪೊಲೀಸರಲ್ಲಿ ನನ್ನದೊಂದು ಕೋರಿಕೆ ಇದೆ. ನಮ್ಮ ಹುಡುಗಿಯ ತಾಯಿ ಹತ್ತಿರದ ಠಾಣೆಗೆ ಹೋದಾಗ, 'ಇದು ಸೈಬರ್ ವಿಷಯ, ಹಾಸನಕ್ಕೆ ಹೋಗಿ' ಎಂದು ಕಳಿಸಿದರು. ಕೂಲಿ ಬಿಟ್ಟು, ಎರಡು ಬಸ್ ಬದಲಿಸಿ ಬರುವುದು ಆಕೆಗೆ ಆಗಲಿಲ್ಲ. ವ್ಯಾಪ್ತಿ ಯಾವುದೇ ಇರಲಿ, ದೂರು ಬಂದ ಠಾಣೆಯೇ ದಾಖಲಿಸಿಕೊಳ್ಳಬೇಕು, ಇಂಥ ಅಪರಾಧಗಳಲ್ಲಿ ಹೆಣ್ಣಿನ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು ಎಂದು ದೂರು, ತನಿಖೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹೇಳುವಾಗ, ತಾಲ್ಲೂಕು ಠಾಣೆಗಳ ಬಾಗಿಲಲ್ಲೇ ಇದನ್ನು ಕನ್ನಡದಲ್ಲಿ ಬರೆದು ಹಾಕಲಿ. ಪಿಯು ಕಾಲೇಜುಗಳ ಪೋಷಕರ ಸಭೆಯಲ್ಲಿ ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಕರೆಯ 112 ಸಂಖ್ಯೆಗಳ ಜೊತೆಗೆ, ಬೆದರಿಕೆಯ ಸಂದೇಶವನ್ನು ಅಳಿಸದೆ ದಿನಾಂಕ, ಖಾತೆಯ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡುವುದನ್ನೂ ಹೇಳಿಕೊಡಲಿ. ಚಿತ್ರ ನಗ್ನವಾಗಿದ್ದರೆ ಅದನ್ನು ಯಾರಿಗೂ ಕಳಿಸದೆ ಮೊಬೈಲನ್ನೇ ಠಾಣೆಗೆ ಒಯ್ಯಬೇಕೆಂದೂ ತಿಳಿಸಲಿ.

ಹುಡುಗಿ ಈಗ ಖಾಸಗಿಯಾಗಿ ಪರೀಕ್ಷೆ ಕಟ್ಟಲು ಒಪ್ಪಿದ್ದಾಳೆ. ಮೊಬೈಲ್ ಮತ್ತೆ ಟ್ರಂಕು ಸೇರಿದೆ. ಅದನ್ನು ಅವಳ ಕೈಗೆ ಕೊಡಿಸಲೆಂದು ಬರುವ ಭಾನುವಾರ ಮತ್ತೆ ಆ ಊರಿಗೆ ಹೊರಟಿದ್ದೇನೆ.

— ನಿವೃತ್ತ ಉಪನ್ಯಾಸಕಿ, ಹಾಸನ